ಗಾಜಿನ ಪೆಟ್ಟಿಗೆಗೆ ಹಾಸಿದ ಸೀರೆ

ಮಣಿಪಾಲ
೧೪-೨-೧೯೭೯

ಶೇಖರ ಮಾಸ್ಟ್ರಿಗೆ ಕುಶಲಾ ಮಾಡುವ ನಮಸ್ಕಾರಗಳು.

ಊರಿಗೆ ಹೋಗುವಾಗ ನೀವು ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟುಹೋದ ಕೇರೆ ಹಾವು ಜೀವದಿಂದ ಉಂಟು. ನಿಮ್ಮ ಬಾಡಿಗೆ ಕೋಣೆಗೆ ಬೀಗ ಹಾಕಿದ್ದೇನೆ. ಮಗಳು ಜಲಜಾ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಅವಳಿಗೆ ಹಾವಿನ ವಿಷಯ ಗೊತ್ತಿಲ್ಲ.

ನೀವು ತಳಕ್ಕೆ ಹಾಸಿದ್ದ ಬೈಹುಲ್ಲು ಬೂಸ್ಟು ಹಿಡಿಯಿತು. ಮಿಲ್ಲಿನಿಂದ ಮರದ ಹುಡಿ ತಂದು ಹಾಕಿದೆ. ಮರುದಿನ ಅದರ ಬಾಯಿಗೆಲ್ಲ ಹುಡಿ ಮೆತ್ತಿ, ಉಸಿರಾಡುವಾಗ ಸದ್ದು ಬರುತ್ತಿತ್ತು. ಹೊಳೆಬದಿಯ ಹೊಯಿಗೆ ತಂದು ಹಾಕಿದರೆ ಇರುವೆ ಎದ್ದವು. ಬಸುರಿ ಇರುವ ಮನೆಯಲ್ಲಿ ಹಾವು ಸತ್ತರೆ ನನ್ನ ಗತಿ ಎಂತ? ಹೆದರಿ, ಹುಟ್ಟುವ ಮಗುವನ್ನು ಮಲಗಿಸಲು ಹರಿದಿಟ್ಟಿದ್ದ ನನ್ನ ಹಳೆಯ ನೂಲಿನ ಸೀರೆಯ ಒಂದು ತುಂಡನ್ನು ಹಾಸಿದೆ. ಆಮೇಲೆ ಹಾವು ಸುಧಾರಿಸಿತು.

ನಿನ್ನೆ ಆ ತುಂಡನ್ನು ಬಿಸಿನೀರಿನಲ್ಲಿ ಒಗೆದು ಹಿತ್ತಲಲ್ಲಿ ಒಣಗಲು ಹಾಕಿದ್ದೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಜಲಜಾ ಅದನ್ನು ಮಡಚಿ ಉಳಿದವುಗಳ ಜೊತೆ ಸೇರಿಸಿದ್ದಳು. “ಅಮ್ಮ, ಇದೊಂದು ಹೊರಗೇ ಉಳಿದಿತ್ತಲ್ವಾ” ಎಂದಳು. ಹನ್ನೊಂದು ತುಂಡುಗಳಲ್ಲಿ ಅದು ಯಾವುದೆಂದು ನನಗೀಗ ಗುರುತು ಸಿಗುತ್ತಿಲ್ಲ. ಎಲ್ಲವನ್ನೂ ಎಸೆಯೋಣವೆಂದರೆ ಅವಳಿಗೆ ಕಾರಣ ಹೇಳಬೇಕು.

ಹಾವು ಮಲಗಿದ ಬಟ್ಟೆಯಿಂದ ಹಸುಗೂಸಿಗೆ ಎಂತಾದರೂ ಆಗುತ್ತದೆಯೇ? ನಿಮ್ಮ ಹಾವಿನ ಪುಸ್ತಕದಲ್ಲಿ ಇದ್ದದ್ದನ್ನೇ ಬರೆಯಿರಿ, ನನ್ನ ಸಮಾಧಾನಕ್ಕೆಂದು ಬರೆಯಬೇಡಿ. ಹಾವು ಈಗ ಬರೀ ಗಾಜಿನ ಮೇಲೆ ಉಂಟು. ಏನು ಹಾಸಬೇಕೆಂದೂ ತಿಳಿಸಿ. ಡಾಕ್ಟರು ಹೇಳಿದ ದಿನಕ್ಕೆ ಇನ್ನು ಒಂಬತ್ತೇ ದಿನ.

ಕಾರ್ಡು ಬೇಡ, ಕವರಿನಲ್ಲಿ ಹಾಕಿ. ಅಂಚೆಯವನು ಬರುವ ಹೊತ್ತಿಗೆ ಜಲಜಾ ಜಗಲಿಯಲ್ಲಿ ಕುಳಿತು ಆ ತುಂಡುಗಳ ಅಂಚು ಹೊಲಿಯುತ್ತಿರುತ್ತಾಳೆ.

ಇತಿ,
ಕುಶಲಾ