ನಾಲ್ಕೇ ಏಟಿಗೆ ಇಳಿದ ಕೊಳವೆ

ಮಂಗಳವಾರ, ಜೂನ್ ೧೭

ಭಾವನಿಗೆ ಹೇಳಿ ಹೇಳಿ ಗಂಟಲು ಒಣಗಿತು. ಅಕ್ಕನ ಹೊಸ ಮನೆಯ ಜಾಗದಲ್ಲಿ ಇವತ್ತು ಮಣ್ಣಿನ ಪರೀಕ್ಷೆ ಮಾಡಿದೆ. ಸುತ್ತಿಗೆಯ ನಾಲ್ಕೇ ಏಟಿಗೆ ಕೊಳವೆ ಒಂದಡಿ ಇಳಿಯಿತು. ಗಟ್ಟಿ ನೆಲಕ್ಕೆ ಮೂವತ್ತು ಏಟಾದರೂ ಬೇಕು. ಭಾವ ಮಾತ್ರ ಚಪ್ಪಾಳೆ ತಟ್ಟಿದರು.

"ಮಣ್ಣು ಬೆಣ್ಣೆ ಹಂಗಿದೆ! ಪಾಯ ಅಗೆಯೋದು ಸಲೀಸು."

ವರ್ಷಕ್ಕೊಮ್ಮೆ ಪಾತ್ರೆಗಳು ಗಡಗಡ ಎನ್ನುವ ಊರಿದು. ಭೂಮಿ ನಡುಗಿದರೆ ನೀರು ಕುಡಿದ ಈ ಸಡಿಲ ಮರಳು ಗಂಜಿಯಾಗುತ್ತದೆ, ಮನೆ ಹೂತುಹೋಗುತ್ತದೆ, ಆಳಕ್ಕೆ ಕಂಬ ಇಳಿಸಲೇಬೇಕು ಎಂದೆ.

"ನಿಂದು ಯಾವಾಗ್ಲೂ ಅಪಶಕುನ."

ಕೋಣನ ಮುಂದೆ ಕಿನ್ನರಿ!

ಹೊರಡುವಾಗ ಅಕ್ಕ ಕೇಳಿದಳು, "ಅಮ್ಮಂಗೆ ಮೆಟ್ಟಿಲು ಹತ್ತೋಕಾಗಲ್ಲ. ಅವಳ ಕೋಣೆ ಕೆಳಗೇ ಇರ್ಲಿ, ಅಲ್ವಾ?"

ಮೊದಲು ಹೂತುಹೋಗುವುದೇ ಆ ಕೋಣೆ! ನಾಳೆ ಎಲ್ಲವನ್ನೂ ಅಮ್ಮನಿಗೇ ಹೇಳಿಬಿಡುತ್ತೇನೆ. ಭೂಕಂಪಕ್ಕೆ ಹೆದರದ ಮನುಷ್ಯ ಅತ್ತೆಗಾದರೂ...