ಗಂಜಿಗೆ ಅವಳು ಏನೋ ಹಾಕುತ್ತಿದ್ದಳು

ಮಗಳೇ,

ನಾನು ನೆಟ್ಟಗಿದ್ದೇನೆ ಎಂದು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಬಸ್ಸು ಹತ್ತಿಬಿಡುತ್ತೀಯ. ಹೊಟ್ಟೆಯ ಹೊಲಿಗೆ ಒಣಗಿದೆ. ಇನ್ನು ಹತ್ತು ದಿನ ಆಸ್ಪತ್ರೆಯ ಪಕ್ಕದ ಈ ತಂಗುಮನೆಯಲ್ಲಿದ್ದು ಗಂಜಿಯನ್ನೇ ಕುಡಿಯಬೇಕಂತೆ.

ಇಲ್ಲಿ ಒಂದು ವಿಚಿತ್ರ. ಗಂಜಿ ಎಲ್ಲರಿಗೂ ಒಂದೇ ಪಾತ್ರೆಯದು, ಆದರೆ ಬಟ್ಟಲಿಗೆ ಬಿದ್ದ ಮೇಲೆ ಒಂದೊಂದೂ ಬೇರೆ. ಎದುರು ಕೂರುವ ಟೈಲರು ಜೇಬಿನಿಂದ ಪೊಟ್ಟಣ ತೆಗೆದು ಹುರಿದ ಜೀರಿಗೆ ಉದುರಿಸುತ್ತಾನೆ. ಲಾರಿ ಡ್ರೈವರು ಬೆಲ್ಲ ಹಾಕಿ ಮೇಲೆ ನಿಂಬೆ ಹಿಂಡುತ್ತಾನೆ. ರುಚಿ ನೋಡಿದೆ, ಪರವಾಗಿಲ್ಲ. ವೆರೈಟಿ ಈಸ್ ದಿ ಸ್ಪೈಸ್ ಆಫ್ ಏನೋ, ಅಂದರೆ ವೈವಿಧ್ಯವೇ ಯಾವುದಕ್ಕೋ ಮಸಾಲೆ, ಎಂದು ಕಾಲೇಜಿನಲ್ಲಿ ಓದಿದ್ದೆ, ಕೊನೆಯ ಪದ ಮರೆತಿದೆ.

"ನಿಮ್ಮನೇಲಿ ಏನ್ ಹಾಕ್ತಿದ್ರು ಯಜಮಾನ್ರೇ? ನಾಳೆ ನಾವೂ ಹಾಕ್ಕೊಂಡು ನೋಡೋಣ" ಎಂದ ಟೈಲರು.

"ಏನೋ ಹಾಕ್ತಿದ್ಲು" ಎಂದೆ.

"ಏನೋ ಅಂತೀರಲ್ರೀ! ಅಷ್ಟು ವರ್ಷ ಕುಡಿದಿದ್ದು ಬಾಯಲ್ಲೋ, ಕಿವೀಲೋ?" ಎಂದು ಡ್ರೈವರು ನಕ್ಕ.

ನಾನೂ ನಕ್ಕೆ. ಆದರೆ ಜ್ವರ ಬಂದಾಗಲೆಲ್ಲ ನಿನ್ನಮ್ಮ ಕೊಟ್ಟ ಗಂಜಿಯನ್ನು ನಾನು ಪೇಪರಿನಿಂದ ಕಣ್ಣು ತೆಗೆಯದೆ ಕುಡಿದವನು. ಇನ್ನು ಕೇಳೋಣವೆಂದರೆ ಅವಳಿಲ್ಲ. ಒಲೆಯ ಮುಂದೆ ಅವಳ ಪಕ್ಕ ನಿಂತಿದ್ದವಳು ನೀನೊಬ್ಬಳೇ. ನಿನಗೂ ಮರೆತಿದ್ದರೆ ಆ ರುಚಿ ಹೋದಂತೆಯೇ. ನೆನಪಿದ್ದರೆ ಕೂಡಲೇ ಬರೆ.

ಇಲ್ಲೂ ಬೆಳಿಗ್ಗೆ ಪೇಪರು ಕೊಡುತ್ತಾರೆ. ಬಟ್ಟಲು ಖಾಲಿಯಾಗುವ ತನಕ ಅದನ್ನು ಮಡಚಿ ತೊಡೆಯ ಕೆಳಗಿಟ್ಟುಕೊಂಡಿರುತ್ತೇನೆ.

ಕಾರ್ಡು ತುಂಬಿತು.

ನಿನ್ನಪ್ಪ