ಲದ್ದಿಯ ಗುಡ್ಡೆ

ಮಾನ್ಯ ವಲಯ ಅರಣ್ಯಾಧಿಕಾರಿಗಳಿಗೆ,

ಕಾಲೇಜಿನಲ್ಲಿ ಇಂಥ ಅರ್ಜಿಯನ್ನು ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಲು ಕಲಿಸಿದ್ದರು, ಮುಂದಿನದು ಮರೆತಿದೆ. ಘೇಂಡಾಮೃಗದ ಜಾಗವನ್ನು ಬೇಟೆಗಾರರಿಗೆ ತಿಳಿಸಿದನೆಂದು ನೀವು ಹಿಡಿದಿರುವ ಕಾವಲುಗಾರ ನುಮಲ್ ಏನೂ ಮಾಡಿಲ್ಲ. ತೋರಿಸಿದವನು ನಾನು.

ಆ ಹೆಣ್ಣು ಘೇಂಡಾ ದಿನವೂ ನಮ್ಮ ಹೊಲದಂಚಿನ ಒಂದೇ ಗುಡ್ಡೆಯ ಮೇಲೆ ಲದ್ದಿ ಹಾಕುತ್ತಿತ್ತು. ನನ್ನ ಹೆಂಡತಿ ರೇಬತಿ ಇದ್ದಾಗ ಅಲ್ಲಿಂದಲೇ ಬದನೆ ಗಿಡಗಳಿಗೆ ಗೊಬ್ಬರ ತರುತ್ತಿದ್ದಳು. ಅವಳ ಬದನೆಯ ರುಚಿ ಬರೆಯಲು ಹೊರಟರೆ ಕಾಗದ ಸಾಲದು, ಇರಲಿ. ಬಿಹು ಹಬ್ಬಕ್ಕೆ ಬಂದ ಅಳಿಯ ಜದು ಗೊಬ್ಬರ ಹೊರಲು ನನ್ನ ಜೊತೆ ಬಂದ.

“ಮಾವ, ದಿನಾ ಇಲ್ಲಿಗೇ ಬರುತ್ತಾ?”

“ಸಂಜೆ ತಪ್ಪಿಸೋದಿಲ್ಲ ಕಣಪ್ಪ. ನಿಂಗಿಂತ ಅದಕ್ಕೇ ಶಿಸ್ತು ಜಾಸ್ತಿ,” ಎಂದು ನಕ್ಕೆ.

ಮೂರನೆಯ ದಿನ ಅದು ಗುಡ್ಡೆಯ ಪಕ್ಕದಲ್ಲೇ ಕೊಂಬಿಲ್ಲದೆ ಬಿದ್ದಿತ್ತು. ಇವತ್ತು ಜದುವಿನ ಚೀಲದಲ್ಲಿ ಆ ಕೊಂಬು ಕಂಡೆ. ಹಬ್ಬಕ್ಕೆ ನಾನೇ ಅವನ ಹೆಗಲಿಗೆ ಹೊದಿಸಿದ ಗಮುಸಾ ವಸ್ತ್ರದಲ್ಲಿ ಸುತ್ತಿಟ್ಟಿದ್ದಾನೆ.

ಆ ಘೇಂಡಾದ ಮರಿ ಇನ್ನೂ ಗುಡ್ಡೆಯ ಬಳಿಗೇ ಬಂದು ನಿಲ್ಲುತ್ತಿದೆ. ಹುಲಿಗೆ ಸಿಗುವ ಮೊದಲು ಅದನ್ನು ಕರೆದೊಯ್ಯಿರಿ. ಜದು ನಾಳೆ ಮಧ್ಯಾಹ್ನ ಊಟಕ್ಕೆ ಮನೆಯಲ್ಲಿರುತ್ತಾನೆ. ನನ್ನ ಮಗಳು ಏಳು ತಿಂಗಳ ಬಸುರಿ. ಅವಳನ್ನು ಆ ಹೊತ್ತಿಗೆ ಪಕ್ಕದ ಮನೆಗೆ ಕಳಿಸಿರುತ್ತೇನೆ. ಅವನು ಉಂಡು ಕೈ ತೊಳೆಯುವ ತನಕ ದಯವಿಟ್ಟು ಬೇಲಿಯ ಆಚೆ ಕಾಯಿರಿ. ಆಮೇಲೆ ನನ್ನನ್ನೂ ಕರೆದರೆ ಬರುತ್ತೇನೆ.

ಸಾಕ್ಷಿಯ ಕೆಲಸ ಮುಗಿದ ಮೇಲೆ ಗಮುಸಾ ಹಿಂದಿರುಗಿಸಿ. ರೇಬತಿ ನೇಯ್ದದ್ದರಲ್ಲಿ ಉಳಿದಿದ್ದು ಅದೊಂದೇ.

ತಮ್ಮ ವಿಧೇಯ,
ಟಂಕೇಶ್ವರ ನಾಥ್